ಸಿಂಕಿನ ಪಾಲು

ದೊಡ್ಡ ಸಿಸ್ಟರಿಗೆ ಬೈಸಿಕೊಂಡು ಅಭ್ಯಾಸವಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದೇ ಒಂದು ಸಲ ಬೈಸಿಕೊಂಡಿದ್ದಳು, ಅದೂ ಮೂರನೆಯ ವರ್ಷದಲ್ಲಿ, ಇರುವೆಗಳ ದೆಸೆಯಿಂದ. ಆಮೇಲೆ ಇನ್ನೊಬ್ಬರಿಗೆ ಆ ಅವಕಾಶ ಸಿಗದ ಹಾಗೆ ಬದುಕನ್ನು ಬಿಗಿ ಮಾಡಿಕೊಂಡಿದ್ದಳು. ಪಾಳಿಗೆ ಹತ್ತು ನಿಮಿಷ ಮುಂಚೆ ಬರುತ್ತಿದ್ದಳು, ಉಗುರನ್ನು ಬುಡದವರೆಗೆ ಕತ್ತರಿಸುತ್ತಿದ್ದಳು, ಬಳೆ ಉಂಗುರ ಹಾಕುತ್ತಿರಲಿಲ್ಲ, ಆರು ಹಾಸಿಗೆಗಳ ಆ ತೀವ್ರ ನಿಗಾ ವಾರ್ಡಿನ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕೈ ತೊಳೆಯದೆ ಹೆಜ್ಜೆ ಎತ್ತುತ್ತಿರಲಿಲ್ಲ. ಕೈ ತೊಳೆಯುವುದನ್ನು ನೋಡುವುದಕ್ಕೆಂದೇ ನರ್ಸಿಂಗ್ ಶಾಲೆಯಿಂದ ಹುಡುಗಿಯರನ್ನು ಸಾಲಾಗಿ ಕರೆತರುತ್ತಿದ್ದರು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳ ಬುಡ, ಮಣಿಕಟ್ಟು. ಕಿರಿಯರು ಬೆನ್ನ ಹಿಂದೆ ಅವಳನ್ನು ಸೋಪಮ್ಮ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು, ಒಳಗೊಳಗೆ ಸ್ವಲ್ಪ ಹಿಗ್ಗುತ್ತಲೂ ಇದ್ದಳು.

ಆ ಬುಧವಾರ ಬೆಳಿಗ್ಗೆ ಅವಳು ಎಂದಿನಂತೆ ಚಪ್ಪಲಿ ಬದಲಿಸಿ, ತಲೆಗೆ ಟೋಪಿ ಸಿಕ್ಕಿಸಿ, ವಾರ್ಡಿನೊಳಕ್ಕೆ ಬಂದು ಸಿಂಕಿನ ಮುಂದೆ ನಿಂತಳು. ನಲ್ಲಿ ತಿರುಗಿಸಲಿಲ್ಲ. ಗೋಡೆಯ ಮೇಲಿದ್ದ ಸ್ಪಿರಿಟ್ಟಿನ ಬಾಟಲಿ ಒತ್ತಿ ಅಂಗೈಗೆ ಸುರಿದುಕೊಂಡು ಉಜ್ಜಿದಳು. ಎಂಟು ದಿನದಿಂದ ಹೀಗೇ. ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರುಕು ಬಿಟ್ಟಿತ್ತು, ಸ್ಪಿರಿಟ್ಟು ಬಿದ್ದಾಗ ಚುರ್ ಎಂದಿತು. ಸಿಂಕು ನಾಲ್ಕನೇ ಹಾಸಿಗೆಯ ತಲೆಯ ಕಡೆ, ಎರಡು ಮಾರು ದೂರದಲ್ಲಿತ್ತು. ಬಿಳಿ ಪಿಂಗಾಣಿ, ಅಂಚಿನಲ್ಲಿ ಕೂದಲೆಳೆಯಂಥ ಒಂದು ಸೀಳು. ನಲ್ಲಿಯನ್ನು ಯಾರೋ ಬುದ್ಧಿವಂತ ಸರಿಯಾಗಿ ನೀರು ಹೋಗುವ ತೂತಿನ ಮೇಲೆಯೇ ಕೂರಿಸಿದ್ದ. ಜೋರಾಗಿ ಬಿಟ್ಟರೆ ನೀರು ತೂತಿನ ಜಾಲರಿಗೆ ಬಡಿದು ಹನಿಹನಿಯಾಗಿ ಮೇಲಕ್ಕೆ ಚಿಮ್ಮುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಔಷಧಿ ತುಂಬುವ ಸ್ಟೀಲಿನ ತಟ್ಟೆ. ಇಪ್ಪತ್ತೊಂದು ವರ್ಷ ಆ ತಟ್ಟೆಯ ಮೇಲಿನ ಹನಿಗಳನ್ನು ಅವಳು ಒರೆಸಿದ್ದಳು. ಒರೆಸಿದರೆ ಹೋಗುತ್ತದೆ ಎಂದುಕೊಂಡು ಒರೆಸಿದ್ದಳು. ಈಗ ಆ ತೂತು ಅವಳನ್ನೇ ನೋಡುತ್ತಿದೆ ಅನ್ನಿಸಿ ಮುಖ ತಿರುಗಿಸಿದಳು.

ನಾಲ್ಕನೇ ಹಾಸಿಗೆಯಲ್ಲಿ ಟೈಲರ್ ಇದ್ದ. ಬಾಯಲ್ಲಿ ವೆಂಟಿಲೇಟರಿನ ಕೊಳವೆ, ಕೊಳವೆ ಜಾರದ ಹಾಗೆ ಕೆನ್ನೆಯುದ್ದಕ್ಕೂ ಅಂಟುಪಟ್ಟಿ. ಹೊಟ್ಟೆಯೊಳಗೆ ಕರುಳಿನ ತುದಿ ಒಡೆದು, ಹಿಂದಿನ ವಾರದ ಭಾನುವಾರ ಆಪರೇಷನ್ ಆಗಿ ಬಂದಿದ್ದ ಮನುಷ್ಯ. ಆಗಿನ್ನೂ ಬಾಯಲ್ಲಿ ಕೊಳವೆ ಇರಲಿಲ್ಲ, ಮಾರನೆಯ ಸೋಮವಾರ ಮಧ್ಯಾಹ್ನಕ್ಕೆಲ್ಲ ಕಣ್ಣು ಬಿಟ್ಟು, ಮೂಗಿನಲ್ಲಿ ಊಟದ ನಳಿಗೆ ಇಟ್ಟುಕೊಂಡೇ ಮಾತಿಗೆ ಶುರುಮಾಡಿದ್ದ. ಅವನ ಕಣ್ಣು ಮೊದಲು ಹೋದದ್ದು ಅವಳ ಕೋಟಿನ ತೋಳಿಗೆ. "ಸಿಸ್ಟರ್, ಈ ತೋಳು ಕೂರಿಸಿದವನು ಯಾರು? ಎಡಗೈಯದನ್ನ ಬಲಗೈಗೆ ಹಾಕಿದಾನೆ. ಅದಕ್ಕೇ ನೀವು ಯಾವಾಗ್ಲೂ ಜಗಳಕ್ಕೆ ನಿಂತೋರ ಥರ ಕಾಣ್ತೀರ." ಅವಳು ನಗಲಿಲ್ಲ. ಪುಡಿ ಕಲಸಿದ ಊಟದ ನೀರನ್ನು ಅಳೆಯುವ ಲೋಟದಿಂದ ನಳಿಗೆಗೆ ಇಳಿಸಿ, ಉಳಿದದ್ದನ್ನು ಸಿಂಕಿಗೆ ಸುರಿದು, ನೀರು ಬಿಟ್ಟಳು. ಅವನು ದಿಂಬಿನ ಮೇಲೆ ತಲೆ ಹೊರಳಿಸಿ ನೋಡುತ್ತಿದ್ದ. "ನನಗೆ ಇನ್ನೂರು, ಅದಕ್ಕೆ ಐವತ್ತು. ಪಕ್ಕದ ಹಾಸಿಗೆಯವರದ್ದೂ ಅದಕ್ಕೇ. ನಮ್ಮೆಲ್ಲರಿಗಿಂತ ಚೆನ್ನಾಗಿ ಉಣ್ತಿರೋದು ಅದೇ ನೋಡಿ. ಉಂಡಿದ್ದಕ್ಕೆ ನನ್ನ ಮುಖಕ್ಕೆ ಒಂದೆರಡು ಹನಿ ಎರಚುತ್ತೆ, ಏಳೋ ಸೋಮಾರಿ ಅಂತ." ಆಗ ಅವಳಿಗೆ ನಗು ಬಂದೇ ಬಂತು. ಬೆನ್ನು ಮಾಡಿ ನಿಂತು ನಕ್ಕಳು. ಆ ನಗು ಈಗ ನೆನಪಾದಾಗಲೆಲ್ಲ ಅವಳು ಸ್ಪಿರಿಟ್ಟಿನ ಬಾಟಲಿ ಒತ್ತಿ ಮತ್ತೊಮ್ಮೆ ಕೈ ಉಜ್ಜುತ್ತಿದ್ದಳು.

ಉಳಿದ ಊಟವನ್ನು ಸಿಂಕಿಗೆ ಸುರಿಯಬೇಕು ಎನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಅವಳ ನಿಯಮ. ಮೂರನೆಯ ವರ್ಷದಲ್ಲಿ ಯಾರೋ ಉಳಿದದ್ದನ್ನು ಮಂಚದ ಕೆಳಗಿನ ಕಸದ ಡಬ್ಬಕ್ಕೆ ಹಾಕಿದ್ದರು. ಬೆಳಿಗ್ಗೆ ದೊಡ್ಡ ಸರ್ಜನ್ ಹನ್ನೊಂದು ಜನರನ್ನು ಹಿಂದೆ ಕಟ್ಟಿಕೊಂಡು ಬಂದು, ರೋಗಿಯ ಹೊಟ್ಟೆಯ ಮೇಲಿನ ಪಟ್ಟಿ ಬಿಚ್ಚಿದರೆ, ಡಬ್ಬದಿಂದ ಮಂಚದ ಕಾಲು ಹತ್ತಿ ಹೊಲಿಗೆಯವರೆಗೆ ಇರುವೆ ಸಾಲು. "ಇದೇನು ಆಸ್ಪತ್ರೆನೋ ಮಿಠಾಯಿ ಅಂಗಡಿನೋ? ಯಾರಮ್ಮ ಇಲ್ಲಿ ಯಜಮಾನಿ?" ಎಂದು ಅವನು ಕೇಳಿದಾಗ ಹನ್ನೊಂದು ಜನವೂ ನಕ್ಕರು. ಇರುವೆ ಕಚ್ಚಿಸಿಕೊಂಡ ರೋಗಿಯೂ ನಕ್ಕ. ಡಬ್ಬಕ್ಕೆ ಹಾಕಿದವಳು ಅವಳಲ್ಲ, ಆದರೆ ಯಜಮಾನಿ ಆ ದಿನ ಅವಳೇ. ಕೊಳೆ ಸಾಮಾನು ತೊಳೆಯುವ ಕೋಣೆ ಪಡಸಾಲೆಯ ಆ ತುದಿಗೆ, ನಲವತ್ತೆರಡು ಹೆಜ್ಜೆ ದೂರ. ಹಾಸಿಗೆ ಬಿಟ್ಟು ಅಷ್ಟು ದೂರ ಹೋಗುವುದು ತಪ್ಪು, ಡಬ್ಬಕ್ಕೆ ಹಾಕುವುದು ತಪ್ಪು. ಸಿಂಕು ಪಕ್ಕದಲ್ಲೇ ಇತ್ತು. ಸುರಿದು ನೀರು ಬಿಟ್ಟರೆ ಎಲ್ಲ ಸ್ವಚ್ಛ. ಅಂದಿನಿಂದ ವಾರ್ಡಿಗೆ ಒಂದೇ ಒಂದು ಇರುವೆ ಬರಲಿಲ್ಲ. ಊಟ, ಉಳಿದ ಗ್ಲೂಕೋಸು, ಬಾಟಲಿಯ ತಳದ ಸಿಹಿ ನೀರು, ಎಲ್ಲ ಸಿಂಕಿಗೆ. ನರ್ಸಿಂಗ್ ಶಾಲೆಯ ಹುಡುಗಿಯರು ಅದನ್ನೂ ಬರೆದುಕೊಂಡು ಹೋದರು. ಈ ವರ್ಷ ಅದೇ ಶಾಲೆಗೆ ಸೇರಿದ ಅವಳ ಮಗಳು ಮೊನ್ನೆ ಊಟಕ್ಕೆ ಕೂತಾಗ ಹೇಳಿದ್ದಳು: "ಅಮ್ಮ, ಇವತ್ತು ಕ್ಲಾಸಲ್ಲಿ ಮೇಡಂ ನಿನ್ನ ಹೆಸರು ತೊಗೊಂಡ್ರು. ವಾರ್ಡು ಅಂದ್ರೆ ಅವರ ವಾರ್ಡು ಥರ ಇರಬೇಕು ಅಂದ್ರು. ನಾನು ಮಾತಾಡದೆ ತಲೆ ತಗ್ಗಿಸಿ ಕೂತಿದ್ದೆ, ಆದ್ರೂ ಎಲ್ಲರೂ ತಿರುಗಿ ನೋಡಿದ್ರು." ಅವಳ ಗಂಡ, "ಇನ್ನೇನು ಬಿಡು, ನಿಮ್ಮಮ್ಮನ ಫೋಟೋಗೆ ಚೌಕಟ್ಟು ಹಾಕಿಸೋದೊಂದು ಬಾಕಿ" ಎಂದು ಚುಡಾಯಿಸಿದ. ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋಗಿ, ಅಡುಗೆಮನೆಯ ಸಿಂಕಿನ ಮುಂದೆ ತಟ್ಟೆ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದಳು.

ಕಡ್ಡಿ ಡಾಕ್ಟರ್ ಬಂದು ಕೇಳಿದ್ದು ಕಳೆದ ಮಂಗಳವಾರ. ಲ್ಯಾಬಿನ ಆ ಚಿಕ್ಕ ವಯಸ್ಸಿನ ಡಾಕ್ಟರು ಯಾವಾಗಲೂ ಕೋಟಿನ ಜೇಬಿನಲ್ಲಿ ಹತ್ತಿ ಸುತ್ತಿದ ಕಡ್ಡಿಗಳ ಕೊಳವೆ ಇಟ್ಟುಕೊಂಡು ಓಡಾಡುವುದರಿಂದ ಆ ಹೆಸರು. ಅಷ್ಟರಲ್ಲಿ ವಾರ್ಡಿನಲ್ಲಿ ಇಬ್ಬರು ಸತ್ತಿದ್ದರು, ಮೂರನೇ ಹಾಸಿಗೆಯ ಮುದುಕಿ, ಆಮೇಲೆ ನಾಲ್ಕನೇ ಹಾಸಿಗೆಯ ನಿವೃತ್ತ ಮೇಷ್ಟ್ರು. ಇಬ್ಬರ ರಕ್ತದಲ್ಲೂ ಒಂದೇ ಹುಳ. ವಾರ್ಡಿನವರು ಅದನ್ನು ಹುಳ ಎಂದೇ ಕರೆಯುತ್ತಿದ್ದರು. ಲ್ಯಾಬಿನ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಹೆಸರಿನ ಕೆಳಗೆ ಹದಿನಾಲ್ಕು ಔಷಧಿಗಳ ಪಟ್ಟಿ, ಹದಿಮೂರರ ಎದುರಿಗೆ ಕೆಂಪು ಅಕ್ಷರದಲ್ಲಿ 'ಆರ್'. ಅಂದರೆ ಆ ಔಷಧಿಗೆ ಹುಳ ಸೊಪ್ಪು ಹಾಕುವುದಿಲ್ಲ ಎಂದು. ಉಳಿದದ್ದು ಒಂದು ಔಷಧಿ, ಅದು ಹುಳದ ಜೊತೆಗೆ ರೋಗಿಯ ಮೂತ್ರಪಿಂಡವನ್ನೂ ಕೊಲ್ಲುವಂಥದ್ದು. ಕಡ್ಡಿ ಡಾಕ್ಟರ್ ಮಂಚದ ಕಂಬಿ, ಬಾಗಿಲ ಹಿಡಿ, ಟ್ರಾಲಿ, ನಲ್ಲಿಯ ತಿರುಪು, ಎಲ್ಲರ ಅಂಗೈ, ಒಂದೊಂದಕ್ಕೂ ಒಂದೊಂದು ಕಡ್ಡಿ ಸವರಿ ಕೊಳವೆಗೆ ಹಾಕುತ್ತ ಬಂದಳು. ದೊಡ್ಡ ಸಿಸ್ಟರ್ ಕೈ ಚಾಚಿದಾಗ, "ನಿಮ್ಮದು ತೊಗೊಳ್ಳೋಕೆ ನನಗೇ ನಾಚಿಕೆ ಆಗುತ್ತೆ ಸಿಸ್ಟರ್, ಹೆಸರಿಗೆ ಒಂದು ತೊಗೋತೀನಿ" ಎಂದಳು. ಆಮೇಲೆ ಸಿಂಕಿನ ಮುಂದೆ ನಿಂತು, ತಲೆ ಎತ್ತದೆ, ಬರೆದುಕೊಳ್ಳುತ್ತಲೇ ಕೇಳಿದಳು:

"ಈ ಸಿಂಕಲ್ಲಿ ಕೈ ತೊಳೆಯೋದು ಬಿಟ್ಟು ಬೇರೇನಾದ್ರೂ ಮಾಡ್ತೀರಾ? ಯಾಕಂದ್ರೆ ಈ ಹುಳ ತೇವ ಇರೋ ಕಡೆ, ತಿನ್ನೋಕೆ ಸಿಗೋ ಕಡೆ ಮನೆ ಮಾಡುತ್ತೆ. ಕೆಲವು ಕಡೆ ಪೈಪಿನೊಳಗೇ ಸಿಕ್ಕಿದೆ."

"ಇಲ್ಲ. ಕೈ ಮಾತ್ರ."

ಅಷ್ಟು ಸಲೀಸಾಗಿ ಬಂತು ಅದು. ಸುಳ್ಳು ಹೇಳಬೇಕು ಎಂದು ಅವಳು ನಿರ್ಧರಿಸಿರಲಿಲ್ಲ. ಹನ್ನೊಂದು ಜನ ನಕ್ಕ ಸದ್ದು ಕಿವಿಯಲ್ಲಿ ಎದ್ದಿತು, ನಾಲಿಗೆ ತಾನೇ ಮುಂದೆ ಹೋಯಿತು. ಪಾಳಿಯಲ್ಲಿ ಜೊತೆಗಿದ್ದ ಚಿಕ್ಕ ಸಿಸ್ಟರ್ ನೆಲ ನೋಡಿದಳು. ನೆಲ ಒರೆಸುತ್ತಿದ್ದ ಆಯಾ ಒಂದು ಗಳಿಗೆ ಕೋಲು ನಿಲ್ಲಿಸಿ, ಮತ್ತೆ ಒರೆಸಿದಳು. "ನೀವು ಹೇಳಿದ ಮೇಲೆ ಮುಗೀತು" ಎಂದು ಕಡ್ಡಿ ಡಾಕ್ಟರ್ ಕೈಯಲ್ಲಿ ಉಳಿದಿದ್ದ ಕಡೆಯ ಎರಡು ಕಡ್ಡಿಗಳನ್ನು ಆಯಾಳ ಬಕೆಟ್ಟಿಗೊಂದು, ಒರೆಸುವ ಬಟ್ಟೆಗೊಂದು ಸವರಿಕೊಂಡು ಹೋದಳು. ಅವಳ ಹೆಜ್ಜೆ ಸದ್ದು ಮರೆಯಾಗುವವರೆಗೆ ಕಾದು ನಾಲ್ಕನೇ ಹಾಸಿಗೆಯಿಂದ ಟೈಲರ್ ಪಿಸುಗುಟ್ಟಿದ. ಅವನ ಮುಖದಲ್ಲಿ ತಮಾಷೆಯಿತ್ತು, ಒಂದು ಬಗೆಯ ಸ್ನೇಹವೂ ಇತ್ತು. "ನಾನೇನೂ ನೋಡಿಲ್ಲ ಬಿಡಿ ಸಿಸ್ಟರ್. ನಮ್ಮ ಅಂಗಡೀಲೂ ಇದೇ ಕಥೆ. ಯಜಮಾನ ಬಂದ್ರೆ ಚೂರು ಬಟ್ಟೆಯೆಲ್ಲ ಮೇಜಿನ ಕೆಳಗೆ." ಅವಳು ಅವನ ಹೊದಿಕೆಯನ್ನು ಸರಿಮಾಡಿದಳು. ಸರಿಮಾಡುವಂಥದ್ದೇನೂ ಅದರಲ್ಲಿರಲಿಲ್ಲ. ಭಾನುವಾರ ಅವನು ಬಂದಾಗ ಸವರಿದ್ದ ಕಡ್ಡಿಯ ವರದಿ ಆಗಲೇ ಅವಳ ಜೇಬಿನಲ್ಲಿತ್ತು. ಅವನಲ್ಲಿ ಹುಳ ಇರಲಿಲ್ಲ. ಹಾಸಿಗೆ ಬದಲಿಸಬಹುದಾಗಿತ್ತು. ಬದಲಿಸಿದರೆ, ಯಾಕೆ ಎಂದು ಯಾರಾದರೂ ಕೇಳುತ್ತಿದ್ದರು.

ಮಾರನೆಯ ದಿನ ಅವಳು ಮನೆಯಿಂದ ಬೇಗ ಹೊರಟು ಬಂದು, ಉಗ್ರಾಣದಿಂದ ಬ್ಲೀಚಿಂಗ್ ದ್ರಾವಣದ ಡಬ್ಬಿ ತಂದು, ಮುಖ ತಿರುಗಿಸಿಕೊಂಡು ಇಡೀ ಡಬ್ಬಿಯನ್ನು ತೂತಿಗೆ ಸುರಿದಳು. ಕಣ್ಣು ಉರಿದು ನೀರು ಬಂತು. ಅರ್ಧ ಗಂಟೆ ಬಿಟ್ಟು ಸಾಮಾನು ಕುದಿಸುವ ಪಾತ್ರೆಯ ನೀರನ್ನೂ ಸುರಿದಳು. ಪೈಪು ಗುಳುಗುಳು ಎಂದು ಕುಡಿಯಿತು. ಆ ಸದ್ದಿನಿಂದ ಅವಳಿಗೆ ಎಷ್ಟು ಹಗುರವಾಯಿತೆಂದರೆ, ಇನ್ನು ಹೇಳುವ ಅಗತ್ಯವೇ ಇಲ್ಲ, ಹೇಳಬೇಕಾದ ವಿಷಯವನ್ನೇ ಸುಟ್ಟು ಕಳಿಸಿದ್ದಾಯಿತು ಎಂದುಕೊಂಡಳು. ಆ ದಿನದಿಂದ ಉಳಿದ ಊಟವನ್ನು ತಾನೇ ಎತ್ತಿಕೊಂಡು ನಲವತ್ತೆರಡು ಹೆಜ್ಜೆ ನಡೆದು ಕೊಳೆ ಕೋಣೆಗೆ ಹಾಕತೊಡಗಿದಳು. "ಇನ್ಮೇಲೆ ಎಲ್ಲರೂ ಹೀಗೇ ಮಾಡಬೇಕು" ಎಂದಳು.

"ಯಾಕೆ ದೊಡ್ಡ ಸಿಸ್ಟರ್?" ಎಂದು ಚಿಕ್ಕ ಸಿಸ್ಟರ್ ಕೇಳಿದಳು.

"ಯಾಕೆ ಅಂತ ಬೇರೆ ಹೇಳಬೇಕಾ? ನಡೆಯೋಕೆ ಕಾಲು ನೋಯುತ್ತಾ?"

ಪ್ರತಿ ಹಾಸಿಗೆಗೂ ಸ್ಪಿರಿಟ್ಟಿನ ಬಾಟಲಿ ತೂಗುಹಾಕಿಸಿ, ಸಿಂಕಿಗೆ ಹೋಗುವುದು ಬೇಡ, ಇದರಲ್ಲೇ ಉಜ್ಜಿಕೊಳ್ಳಿ ಎಂದೂ ಹೇಳಿದಳು. ಅಲ್ಲಿ ಎಡವಟ್ಟಾಯಿತು. ಕೈ ತೊಳೆಯದೆ ಹೆಜ್ಜೆ ಎತ್ತಿದರೆ ಕಣ್ಣಲ್ಲೇ ಸುಡುತ್ತಿದ್ದ ಸೋಪಮ್ಮ ಕೈ ತೊಳೆಯಬೇಡಿ ಎನ್ನುತ್ತಿದ್ದಾಳೆಂದರೆ ಇದು ಯಾವುದೋ ಪರೀಕ್ಷೆ ಎಂದು ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅವಳು ನೋಡುತ್ತಿದ್ದಾಳೆ ಎಂದು ಗೊತ್ತಾದಾಗಲೆಲ್ಲ ಓಡಿ ಹೋಗಿ ನಲ್ಲಿ ಜೋರಾಗಿ ಬಿಟ್ಟು, ಅಂಗೈ ಹಿಂಗೈ ಬೆರಳ ಸಂದು ಎಂದು ಮೊದಲಿಗಿಂತ ಎರಡರಷ್ಟು ಹೊತ್ತು ತೊಳೆದರು. ನೀರು ಜಾಲರಿಗೆ ಬಡಿದು ಮೇಲಕ್ಕೆ ಚಿಮ್ಮಿತು. ಅವಳು ಬಾಯಿ ತೆರೆದಳು. ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಇದ್ದ ಕಾರಣ ಒಂದೇ. ಬಾಯಿ ಮುಚ್ಚಿಕೊಂಡಳು.

ಗುರುವಾರ ವರದಿ ಬಂತು. ಎಲ್ಲರ ಅಂಗೈ ಶುದ್ಧ, ಬಾಗಿಲು ಶುದ್ಧ, ನಲ್ಲಿಯ ತಿರುಪು ಶುದ್ಧ. ಆಯಾಳ ಒರೆಸುವ ಬಟ್ಟೆಯಲ್ಲಿ ಹುಳ. ಸಿಂಕಿನಿಂದ ನೆಲಕ್ಕೆ ಸಿಡಿದ ನೀರನ್ನು ಆ ಬಟ್ಟೆಯೇ ದಿನಕ್ಕೆ ನಾಲ್ಕು ಸಲ ಒರೆಸುತ್ತಿತ್ತು ಎನ್ನುವುದನ್ನು ಯಾರೂ ಯೋಚಿಸಲಿಲ್ಲ, ಒಬ್ಬಳನ್ನು ಬಿಟ್ಟು. ಆಸ್ಪತ್ರೆಯ ಮ್ಯಾನೇಜರ್ ವಾರ್ಡಿಗೇ ಬಂದು ಬಾಗಿಲಲ್ಲಿ ನಿಂತು, "ಏನಮ್ಮ, ಜನರನ್ನ ಸಾಯಿಸೋಕೆ ಬರ್ತೀಯಾ ಕೆಲಸಕ್ಕೆ?" ಎಂದ. ಆಯಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಮುಖವನ್ನೇ ನೋಡಿದಳು, ಆಮೇಲೆ ದೊಡ್ಡ ಸಿಸ್ಟರಿನ ಮುಖ ನೋಡಿದಳು. ದೊಡ್ಡ ಸಿಸ್ಟರ್ ಜ್ವರದ ಪಟ್ಟಿಯಲ್ಲಿ ಏನೋ ಬರೆಯುತ್ತಿದ್ದಳು. ಹತ್ತೊಂಬತ್ತು ವರ್ಷ ಜೊತೆಗೆ ಕೆಲಸ ಮಾಡಿದ ಹೆಂಗಸನ್ನು ಅರ್ಧ ಗಂಟೆಯಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಅವಳು ಬಗ್ಗಿ ತೂತನ್ನು ಮೂಸಿದಳು. ಬ್ಲೀಚಿಂಗಿನ ವಾಸನೆ ಹೋಗಿತ್ತು. ಅದರ ಅಡಿಯಿಂದ ಹಳಸಿದ ಹಾಲಿನಂಥ, ಕೂಸಿನ ಬಾಯಿಯಂಥ, ಬೆಚ್ಚಗಿನ ಹುಳಿ ವಾಸನೆ ಮೇಲೆದ್ದು ಬರುತ್ತಿತ್ತು. ಶನಿವಾರ ಟೈಲರಿಗೆ ಜ್ವರ. ಜ್ವರದಲ್ಲೂ ಅವನು ಹಲ್ಲು ಕಡಿಯುತ್ತ, "ಸಿಸ್ಟರ್, ಹೊಲಿಗೆ ಮಿಷನ್ನು ಹೊಟ್ಟೆಯೊಳಗೇ ಓಡ್ತಾ ಇದೆ" ಎಂದ. ಭಾನುವಾರ ಉಸಿರು ಹಿಡಿಯಿತು, ಬಾಯಿಗೆ ಕೊಳವೆ ಇಳಿಸಿದರು. ಕೊಳವೆ ಇಳಿಸುವಾಗ ಅವನ ದವಡೆ ಹಿಡಿದು ನಿಂತಿದ್ದವಳು ಅವಳೇ. ಕೊಳವೆ ಗಂಟಲು ದಾಟಿ, ಅಂಟುಪಟ್ಟಿ ಕೆನ್ನೆಗೆ ಕೂತ ಕೂಡಲೇ ಅವಳ ಎದೆಯಲ್ಲಿ ಯಾವುದೋ ಗಂಟು ಸಡಿಲವಾಯಿತು. ಭುಜ ಕೆಳಗಿಳಿಯಿತು. ಡಾಕ್ಟರು, "ಸಿಸ್ಟರ್, ಸುಸ್ತಾಯ್ತಾ, ಕೂತ್ಕೊಳ್ಳಿ" ಎಂದರು. ಅದು ಸುಸ್ತಲ್ಲ. ಅದು ಏನೆಂದು ಅವಳಿಗೆ ಗೊತ್ತಾದದ್ದು ಬಸ್ಸಿನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ, ಕಿಟಕಿ ಪಕ್ಕ ಕೂತು ಚೀಟಿ ತೆಗೆದುಕೊಳ್ಳುವಾಗ. ಟೈಲರ್ ಇನ್ನು ಮಾತಾಡುವಂತಿಲ್ಲ. ನೋಡಿದವನೊಬ್ಬ, ಅವನ ಬಾಯಿ ಮುಚ್ಚಿತು. ಅದಕ್ಕೆ ಸಮಾಧಾನವಾಗಿತ್ತು ಅವಳಿಗೆ. ಕಂಡಕ್ಟರ್ ಮೂರು ಸಲ ಎಲ್ಲಿಗೆ ಎಂದು ಕೇಳಿದ. ಅವಳಿಗೆ ದಿನಾ ಹತ್ತುವ ಬಸ್ಸಿನಲ್ಲೇ ತನ್ನ ನಿಲ್ದಾಣದ ಹೆಸರು ಬಾಯಿಗೆ ಬರಲಿಲ್ಲ. "ಏನಮ್ಮ, ಇಳಿಯೋ ಜಾಗ ಗೊತ್ತಿಲ್ದೆ ಹತ್ತಿದ್ರಾ?" ಎಂದು ಅವನು ನಕ್ಕ. ಹಿಂದಿನ ಸೀಟಿನವರೂ ನಕ್ಕರು. ಅದೇ ಭಾನುವಾರ ಸಂಜೆ ಐದನೇ ಹಾಸಿಗೆಯ ಲಾರಿ ಡ್ರೈವರ್ ಅದೇ ಹುಳಕ್ಕೆ ಸತ್ತ. ಸೋಮವಾರ ಟೈಲರನ ರಕ್ತದ ಕಾಗದ ಬಂತು. ಹದಿಮೂರು ಆರ್.

ಈ ಬುಧವಾರ ಹತ್ತು ಗಂಟೆಗೆ ಒಗೆದ ಹಾಸುಬಟ್ಟೆ ಬಂದಿರಲಿಲ್ಲ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ತಾನೇ ಹೋದಳು. ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು, ಯಂತ್ರಗಳ ಗದ್ದಲ, ಹಬೆ, ಒದ್ದೆ ನೆಲ. ಆಯಾ ಹಾಸುಬಟ್ಟೆ ಮಡಚುತ್ತಿದ್ದಳು, ಎದುರಿಗಿನ ತುದಿ ಹಿಡಿಯಲು ಯಾರೂ ಇಲ್ಲದೆ ಗಲ್ಲದಡಿ ಒತ್ತಿ ಹಿಡಿದುಕೊಂಡಿದ್ದಳು. ದೊಡ್ಡ ಸಿಸ್ಟರ್ ಹೋಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದು, ಕೊಡವಿ, ಮಡಚಿ, ಹತ್ತಿರ ಬಂದರು.

"ಚೆನ್ನಾಗಿದ್ದೀಯಾ?"

"ಇಲ್ಲಿ ಏನು ಕಡಿಮೆ ಸಿಸ್ಟರಮ್ಮ. ಬೆಚ್ಚಗಿದೆ. ಬೈಯೋರ ಮಾತು ಮಿಷನ್ನಿನ ಸದ್ದಲ್ಲಿ ಕೇಳಿಸಲ್ಲ." ಇನ್ನೊಂದು ಬಟ್ಟೆ ಎತ್ತಿಕೊಂಡಳು. "ನಾಲ್ಕನೇ ನಂಬರಿನ ಬಾಯಿಬಡುಕ ಹೇಗಿದಾನೆ? ನನ್ನ ಕುಪ್ಪಸದ ಅಳತೆ ದೂರದಿಂದಲೇ ಹೇಳಿಬಿಟ್ಟಿದ್ದ, ಪುಣ್ಯಾತ್ಮ."

"ಹುಳ ಬಂತು ಅವನಿಗೂ."

ಆಯಾ ಬಟ್ಟೆಯ ಅಂಚನ್ನು ಅಂಚಿಗೆ ಕೂಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನಾನು ಹೋಗಿ ಆರು ದಿನ ಆಯ್ತು. ಹುಳ ಹೋಗ್ಲಿಲ್ಲ?"

ದೊಡ್ಡ ಸಿಸ್ಟರ್ ಬಟ್ಟೆಯ ಸುಕ್ಕು ತೀಡಿದಳು.

"ಆ ಸಿಂಕಿನ ಜಾಲರಿ ತೊಳೀತಿದ್ದೋಳು ನಾನಲ್ವಾ. ಬೆರಳು ಹಾಕಿದ್ರೆ ಗಂಜಿ ಥರ ಬರ್ತಿತ್ತು ಲೋಳೆ. ಅವತ್ತು ಆ ಹುಡುಗಿ ಡಾಕ್ಟ್ರಮ್ಮ ಕೇಳಿದಾಗ ನೀವು ಇಲ್ಲ ಅಂದ್ರಿ. ನೀವು ಇಲ್ಲ ಅಂದ್ಮೇಲೆ ನಾನು ಇದೆ ಅನ್ನೋಕಾಗುತ್ತಾ? ಯಾರು ನಂಬ್ತಾರೆ? ನಾನೇ ನನ್ನ ನಂಬ್ತಿರಲಿಲ್ಲ. ದೊಡ್ಡ ಸಿಸ್ಟರಮ್ಮ ಇಲ್ಲ ಅಂದ್ರು, ಹಾಗಾದ್ರೆ ಇಲ್ಲ ಅಂದ್ಕೊಂಡೆ." ಬೈಗುಳದ ದನಿಯೇನೂ ಇರಲಿಲ್ಲ ಅದರಲ್ಲಿ. ಮಡಚಿದ ಬಟ್ಟೆಯನ್ನು ಸಿಸ್ಟರಿನ ತೋಳಿನ ಮೇಲೆ ಇಟ್ಟಳು. "ಹನ್ನೆರಡು ಇದೆ. ಎಣಿಸ್ಕೊಳ್ಳಿ."

ಅವಳು ಎಣಿಸಿಕೊಳ್ಳಲಿಲ್ಲ. ಮೆಟ್ಟಿಲು ಹತ್ತುವಾಗ ಬಿಸಿ ಬಟ್ಟೆಯ ರಾಶಿ ಎದೆಗೆ ತಾಗಿ ಬೆವರಿದಳು. ಬೈದಿದ್ದರೆ ಎದುರು ಬೈಯಬಹುದಿತ್ತು. ಮೊದಲ ಅಂತಸ್ತಿನ ತಿರುವಿನಲ್ಲಿ ಅವಳು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿದಳು: ಕೆಲವೊಮ್ಮೆ, ಅಪರೂಪಕ್ಕೆ, ಹುಡುಗಿಯರು ಯಾರಾದರೂ ಸುರಿದಿರಬಹುದು. ಎರಡನೇ ತಿರುವಿನಲ್ಲಿ ಹುಡುಗಿಯರನ್ನು ತೆಗೆದಳು. ಬಾಗಿಲ ಹತ್ತಿರ ಬರುವಾಗ 'ಕೆಲವೊಮ್ಮೆ' ಮಾತ್ರ ಉಳಿದಿತ್ತು, ಅದನ್ನು ಬಿಡಲು ಮನಸ್ಸು ಬರಲಿಲ್ಲ. ನಾಳೆ ಹೇಳಿದರಾಯಿತು, ಇವತ್ತು ಬಟ್ಟೆ ಬದಲಿಸುವುದಿದೆ ಎಂದುಕೊಂಡಳು. ಎಂಟು ದಿನದಲ್ಲಿ ಎಂಟು ಸಲ ಹೀಗೆ ಏನಾದರೊಂದು ಬದಲಿಸುವುದು, ತುಂಬುವುದು, ಬರೆಯುವುದು ಇರುತ್ತಿತ್ತು.

ಹನ್ನೊಂದು ಗಂಟೆ, ನೋಡಲು ಬಿಡುವ ಹೊತ್ತು. ಟೈಲರನ ಅಕ್ಕ ಒಳಗೆ ಬಂದಿದ್ದಳು. ತಂದೆ ತಾಯಿ ಇಲ್ಲದ ತಮ್ಮನನ್ನು ತಾನೇ ಸಾಕಿದವಳು, ಬಾಗಿಲ ಹೊರಗಿನ ಬೆಂಚಿನಲ್ಲಿ ಹತ್ತು ದಿನದಿಂದ ಕೂತಿದ್ದವಳು. ಮೊದಲ ದಿನ ದೊಡ್ಡ ಸಿಸ್ಟರ್ ಅವಳನ್ನು ಸಿಂಕಿನ ಮುಂದೆ ನಿಲ್ಲಿಸಿ ಕೈ ತೊಳೆಯುವುದನ್ನು ಕಲಿಸಿದ್ದಳು, ಬೆರಳು ಬೆರಳು ಹಿಡಿದು. ಅಂದಿನಿಂದ ಆ ಹೆಂಗಸು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಕಳೆದ ವಾರವೆಲ್ಲ ಅವಳು ತೊಳೆಯುವಾಗ ದೊಡ್ಡ ಸಿಸ್ಟರ್ ಬೇರೆ ಯಾವುದಾದರೂ ಹಾಸಿಗೆಯ ಬಳಿ ಇರುವಂತೆ ನೋಡಿಕೊಂಡಿದ್ದಳು. ಇವತ್ತು ತೋಳಿನ ಮೇಲೆ ಹನ್ನೆರಡು ಬಟ್ಟೆ ಹೊತ್ತು ಬಾಗಿಲಲ್ಲೇ ಸಿಕ್ಕಿಬಿದ್ದಳು. ಅಕ್ಕ ಆಗಲೇ ತೋಳು ಮೇಲೆ ಮಡಚಿಕೊಂಡು, ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು, ಸೋಪು ಹಚ್ಚುತ್ತಿದ್ದಳು.

"ಬಂದ್ರಾ ಸಿಸ್ಟರ್. ಇವತ್ತು ಅವನ ಬಾಯಿ ಒರೆಸಬಹುದು ಅಂದ್ರು ಡಾಕ್ಟ್ರು. ತುಟಿ ಒಣಗಿದೆ ಪಾಪ. ಹಸಿಬಟ್ಟೇಲಿ ಒರೆಸ್ತೀನಿ." ನಲ್ಲಿಯ ಮೇಲೆ ಕೈ ಇಟ್ಟಳು. "ನಿಮ್ಮ ಥರಾನೇ ತೊಳೀತಿದೀನಿ ನೋಡಿ, ಹೆಬ್ಬೆರಳ ಬುಡ, ಉಗುರು, ಒಂದೂ ಬಿಡಲ್ಲ. ಬೇಕಾದ್ರೆ ಮಾರ್ಕ್ಸ್ ಹಾಕಿ."

ನೀರು ಬಿತ್ತು. ಬಿಳಿ ಜಾಲರಿಯಿಂದ ಹನಿಗಳು ಎದ್ದು ಅವಳ ಮಣಿಕಟ್ಟಿನ ಮೇಲೆ, ಕಲ್ಲಿನ ಮೇಲೆ ಇಟ್ಟಿದ್ದ ಒರೆಸುವ ಬಿಳಿ ಬಟ್ಟೆಯ ಮೇಲೆ ಕೂತವು. ಒಂದೊಂದೂ ಕಾಣಿಸಿತು. ಬೆಳಕು ಬಿದ್ದು ಹೊಳೆಯುತ್ತಿದ್ದವು.

"ಬೇಡ! ಅಲ್ಲಿ ತೊಳೀಬೇಡಿ!"

ವಾರ್ಡಿನಲ್ಲಿ ಯಾರೂ ಹಾಗೆ ಕಿರುಚುವುದಿಲ್ಲ. ಚಿಕ್ಕ ಸಿಸ್ಟರ್ ಸೂಜಿ ಹಿಡಿದವಳು ಹಾಗೇ ತಿರುಗಿದಳು. ಹಾಸುಬಟ್ಟೆಗಳು ನೆಲಕ್ಕೆ ಬಿದ್ದವು. ಅಕ್ಕ ಸೋಪಿನ ಕೈಗಳನ್ನು ಗಾಳಿಯಲ್ಲಿ ಹಿಡಿದು ಹೆದರಿ ನಿಂತಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ. "ಏನಾಯ್ತು ಸಿಸ್ಟರ್? ನಾನು ತಪ್ಪು ತೊಳೆದ್ನಾ?"

"ಇಲ್ಲಮ್ಮ. ನೀವು ಸರಿಯಾಗೇ ತೊಳೆದ್ರಿ."

ಅವಳು ಹೋಗಿ ನಲ್ಲಿ ಮುಚ್ಚಿದಳು. ಆ ಬಿಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಡಬ್ಬಕ್ಕೆ ಹಾಕಿದಳು. ಮೇಜಿನ ಮೇಲಿನ ಫೋನ್ ತೆಗೆದುಕೊಂಡು ಲ್ಯಾಬಿನ ನಂಬರ್ ಒತ್ತಿದಳು. ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು, ಸಣ್ಣ ದನಿಯಲ್ಲಿ ಮಾತಾಡಿದ್ದರೆ 'ಕೆಲವೊಮ್ಮೆ' ಎನ್ನುವುದು ಮತ್ತೆ ಬಂದುಬಿಡುತ್ತಿತ್ತು. "ನಾನು ದೊಡ್ಡ ಸಿಸ್ಟರ್. ಅವತ್ತು ನೀವು ಸಿಂಕಿನ ವಿಷಯ ಕೇಳಿದ್ರಲ್ಲ. ಉಳಿದ ಊಟ ಎಲ್ಲ ಅದಕ್ಕೇ ಸುರೀತಿದ್ವಿ. ದಿನಾ. ಇಪ್ಪತ್ತೊಂದು ವರ್ಷ. ನಾನೇ ಹೇಳಿಕೊಟ್ಟಿದ್ದು." ಆ ಕಡೆ ಫೋನ್ ಇಟ್ಟ ಸದ್ದು, ಐದೇ ನಿಮಿಷಕ್ಕೆ ಕಡ್ಡಿ ಡಾಕ್ಟರಿನ ಓಡುವ ಹೆಜ್ಜೆ.

ಅವಳು ಬೈಯುತ್ತಾಳೆ ಎಂದು ದೊಡ್ಡ ಸಿಸ್ಟರ್ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಮೇಜಿನ ಅಂಚು ಹಿಡಿದುಕೊಂಡಿದ್ದಳು. ಕಡ್ಡಿ ಡಾಕ್ಟರ್ ಒಂದೂ ಮಾತಾಡದೆ ಕೊಳವೆಯಿಂದ ಕಡ್ಡಿ ತೆಗೆದು ಜಾಲರಿಯ ಸಂದಿಯಲ್ಲಿ ಆಳಕ್ಕೆ ಇಳಿಸಿ ತಿರುಗಿಸಿದಳು. ಕಡ್ಡಿ ಕಂದು ಬಣ್ಣದ ಲೋಳೆ ಹೊತ್ತು ಮೇಲೆ ಬಂತು. ಕೊಳಾಯಿಯವನು ಬಂದ. ಸಿಂಕಿನ ಕೆಳಗೆ ಕವುಚಿ ಮಲಗಿ, ಬಾಗಿದ ಪೈಪನ್ನು ತಿರುಪಿ ಬಿಚ್ಚಿ, ಬಕೆಟ್ಟಿನಲ್ಲಿ ಇಟ್ಟ. "ಅಬ್ಬಾ, ಒಳ್ಳೇ ಉಣಿಸಿ ಬೆಳೆಸಿದೀರ ಕಣ್ರೀ ಇದನ್ನ" ಎಂದು ಮೂಗು ಮುಚ್ಚಿಕೊಂಡ. ಪೈಪಿನ ಒಳಗೋಡೆಗೆ ಹೆಬ್ಬೆರಳಿನಷ್ಟು ದಪ್ಪಗೆ ಕಪ್ಪು ಕೂಡಿತ್ತು, ನಾಲಿಗೆಯ ಹಾಗೆ ನುಣುಪಾಗಿತ್ತು. ಗೋಡೆಯೊಳಗೆ ಹೋಗುವ ಪೈಪಿನ ಬಾಯನ್ನು ಅವನು ಪ್ಲಾಸ್ಟಿಕ್ಕಿನಿಂದ ಕಟ್ಟಿದ. ಇದು ಪಕ್ಕದ ವಾರ್ಡಿನದ್ದಕ್ಕೂ ಸೇರುತ್ತದೆ, ಅಲ್ಲಿಂದ ಕೆಳಗಿನ ಹೆರಿಗೆ ವಾರ್ಡಿನದ್ದಕ್ಕೂ ಸೇರುತ್ತದೆ, ಎಲ್ಲ ಒಂದೇ ಲೈನು ಎಂದ. ಕಡ್ಡಿ ಡಾಕ್ಟರ್ ಅವನ ಮುಖ ನೋಡಿದಳು. ಜೇಬಿನ ಕೊಳವೆ ತೆಗೆದು ಉಳಿದ ಕಡ್ಡಿಗಳನ್ನು ಎಣಿಸಿದಳು.

ಬಕೆಟ್ಟು ಹೊರಗೆ ಹೋದ ಮೇಲೆ ಇಬ್ಬರೇ ಗಾಜಿನ ಮರೆಯ ಮೇಜಿನ ಬಳಿ ಕೂತರು.

"ನಾನೂ ಅವತ್ತೇ ಕಡ್ಡಿ ಹಾಕಬೇಕಿತ್ತು" ಎಂದಳು ಕಡ್ಡಿ ಡಾಕ್ಟರ್. "ನೀವು ಹೇಳಿದ್ರಿ ಅಂತ ಬಿಟ್ಟೆ. ಬೇರೆ ಯಾರೇ ಹೇಳಿದ್ರೂ ಬಿಡ್ತಿರಲಿಲ್ಲ." ಪುಸ್ತಕ ತೆರೆದಳು. "ಸಿಂಕಿಂದ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

"ನೀವು ಕೇಳಿದ ದಿನ."

"ಮಂಗಳವಾರ?"

"ಮಂಗಳವಾರ."

ಅವಳು ತಾರೀಖು ಬರೆದುಕೊಂಡಳು. ಅಷ್ಟೇ. ದೊಡ್ಡ ಸಿಸ್ಟರ್ ಇನ್ನೂ ಸ್ವಲ್ಪ ಹೊತ್ತು ಕಾದಳು. ಏನಾದರೂ ಬರಲಿ, ಮಿಠಾಯಿ ಅಂಗಡಿಯಂಥ ಒಂದು ಮಾತಾದರೂ ಬೀಳಲಿ ಎಂದು ಕಾದಳು. ಎದುರಿಗಿನ ಹುಡುಗಿ ಗೆರೆ ಎಳೆಯುತ್ತ ಪಟ್ಟಿ ಮಾಡುತ್ತಿದ್ದಳು, ಹಾಸಿಗೆ, ಬಂದ ದಿನ, ಕಡ್ಡಿ ಶುದ್ಧವಿದ್ದ ದಿನ, ಹುಳ ಸಿಕ್ಕ ದಿನ.

"ಲಾರಿ ಡ್ರೈವರಿಗೆ ಮೊದಲೇ ಇತ್ತೇನೋ ಅಲ್ವಾ" ಎಂದು ದೊಡ್ಡ ಸಿಸ್ಟರ್ ಕೇಳಿದಳು. ತನ್ನ ದನಿ ಬೇಡುವವರ ದನಿಯಂತಿದ್ದದ್ದು ಅವಳಿಗೇ ಕೇಳಿಸಿತು.

"ಮಂಗಳವಾರ ನಾನೇ ತೊಗೊಂಡಿದ್ದೆ. ಶುದ್ಧ ಇತ್ತು."

"ಎರಡನೇ ಹಾಸಿಗೆ?"

"ಶುದ್ಧ. ಜ್ವರ ಬಂದಿದ್ದು ನಿನ್ನೆ."

ಗಾಜಿನ ಆಚೆ ಟೈಲರನ ಅಕ್ಕ ತಮ್ಮನ ಮಂಚದಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು. ಸೋಪು ಒಣಗಿ ಬೆಳ್ಳಗಾದ ಕೈಗಳನ್ನು ಎಲ್ಲಿಯೂ ತಾಗಿಸದೆ ಎದೆಯ ಮುಂದೆ ಎತ್ತಿ ಹಿಡಿದಿದ್ದಳು. ಇನ್ನು ಎಲ್ಲಿ ತೊಳೆಯಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಟೈಲರ್ ಶುಕ್ರವಾರ ಮಧ್ಯಾಹ್ನ ಹೋದ. ಎರಡನೇ ಹಾಸಿಗೆಯ, ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಹೆಂಗಸು ಮುಂದಿನ ಸೋಮವಾರ. ಆಯಾಳನ್ನು ವಾರ್ಡಿಗೆ ವಾಪಸ್ ಕರೆದರು, ಅವಳು ಬರಲಿಲ್ಲ. ಕಡ್ಡಿ ಡಾಕ್ಟರ್ ಕೇಳಿದ ಆ ಮಂಗಳವಾರಕ್ಕೆ ಮೊದಲು ಸತ್ತವರು ಇಬ್ಬರು. ಮಂಗಳವಾರದಿಂದ ಬುಧವಾರದವರೆಗೆ ಎಂಟು ದಿನ. ಆ ಎಂಟು ದಿನದಲ್ಲಿ ಹುಳ ಹತ್ತಿ ಸತ್ತವರು ಮೂವರು.